ನಕ್ಷೆಯನ್ನು ಚಿತ್ರವಾಗಿ ಉಳಿಸುವಾಗ: ಕ್ಯೂಜಿಐಎಸ್‌ನ ಎಕ್ಸ್‌ಪೋರ್ಟ್ ಆಯ್ಕೆಗಳಲ್ಲಿ ಯಾವುದು ಯಾವಾಗ

ನಂದಿಬೆಟ್ಟದಲ್ಲಿ ಹುಟ್ಟಿ, ದೊಡ್ಡಬಳ್ಳಾಪುರ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ಮಂಚನಬೆಲೆ, ರಾಮನಗರಗಳನ್ನು ಹಾದು, ಕನಕಪುರದ ಕೆಳಗೆ ಸಂಗಮದಲ್ಲಿ ಕಾವೇರಿಯನ್ನು ಸೇರುವ ಅರ್ಕಾವತಿಯ ಜಲಾನಯನ ಪ್ರದೇಶದ ನಕ್ಷೆಯೊಂದನ್ನು ಸಿದ್ಧಪಡಿಸಿದ್ದೀರಿ ಎಂದುಕೊಳ್ಳೋಣ. ಉತ್ತರದ ತುದಿಯಿಂದ ದಕ್ಷಿಣದ ತುದಿಗೆ ನೇರ ಗೆರೆಯಲ್ಲಿ ಸುಮಾರು 120 ಕಿಲೋಮೀಟರ್. ನಿಲುವಾಗಿಟ್ಟ ಎ4 ಹಾಳೆಯಲ್ಲಿ 1:5,00,000 ಪ್ರಮಾಣದಲ್ಲಿ ಇದು 24 ಸೆಂಟಿಮೀಟರ್ ಉದ್ದಕ್ಕೆ ಬರುತ್ತದೆ. ಶೀರ್ಷಿಕೆಗೂ ಸಂಕೇತ ಸೂಚಿಗೂ ಒಂದಿಷ್ಟು ಜಾಗ ಉಳಿಯುತ್ತದೆ. ಇದೇ ನಕ್ಷೆ ವರದಿಯ ಪುಟಕ್ಕೂ ಬೇಕು, ಗ್ರಾಮಸಭೆಯ ಗೋಡೆಗೂ ಬೇಕು, ಮೊಬೈಲ್‌ಗೂ ಹೋಗಬೇಕು, ಬೇರೊಬ್ಬರ ಕಂಪ್ಯೂಟರಿನಲ್ಲಿ ಇನ್ನೊಂದು ನಕ್ಷೆಯ ಅಡಿಯಲ್ಲಿ ಸರಿಯಾದ ಸ್ಥಾನದಲ್ಲಿ ಕೂರಬೇಕು. ನಕ್ಷೆ ತಯಾರಿಸುವ ತಂತ್ರಾಂಶವಾದ ಕ್ಯೂಜಿಐಎಸ್ ಎಕ್ಸ್‌ಪೋರ್ಟ್ ಕಿಟಕಿಯನ್ನು ತೆರೆದು ಡಿಪಿಐ ಎಷ್ಟು, ಯಾವ ಬಗೆಯ ಫೈಲ್, ಅಕ್ಷರಗಳನ್ನು ಹೇಗೆ ಉಳಿಸಬೇಕು, ವರ್ಲ್ಡ್ ಫೈಲ್ ಬೇಕೇ ಎಂದು ಕೇಳುತ್ತದೆ. ಬಹಳಷ್ಟು ಮಂದಿ ಅದು ತಾನಾಗಿ ತೋರಿಸಿದ್ದನ್ನೇ ಒಪ್ಪಿ ಮುಂದೆ ಹೋಗುತ್ತಾರೆ. ಈ ಪ್ರಶ್ನೆಗಳಿಗೆ ಉತ್ತರವನ್ನು ಆ ಕಿಟಕಿಯಲ್ಲಿ ಹುಡುಕಬಾರದು, ನಕ್ಷೆ ಕೊನೆಗೆ ಎಲ್ಲಿ, ಯಾರ ಕಣ್ಣೆದುರು ತೆರೆದುಕೊಳ್ಳುತ್ತದೆ ಎಂಬುದರಲ್ಲಿ ಹುಡುಕಬೇಕು ಎಂಬುದು ನನ್ನ ಅನುಭವದ ಮಾತು. ಆದ್ದರಿಂದ ಅರ್ಕಾವತಿಯ ಈ ಒಂದೇ ನಕ್ಷೆಯನ್ನು ಹಿಡಿದುಕೊಂಡು ಆಯ್ಕೆಗಳನ್ನು ಹೋಲಿಸುತ್ತೇನೆ.

ಪರದೆಯಿಂದ ನೇರವಾಗಿಯೋ, ಲೇಔಟ್ ಮೂಲಕವೋ

ಕ್ಯೂಜಿಐಎಸ್‌ನಲ್ಲಿ ಚಿತ್ರ ಪಡೆಯಲು ಎರಡು ದಾರಿಗಳಿವೆ. ಪ್ರಾಜೆಕ್ಟ್ ಮೆನುವಿನಲ್ಲಿರುವ ‘ಎಕ್ಸ್‌ಪೋರ್ಟ್ ಮ್ಯಾಪ್ ಟು ಇಮೇಜ್’ ಪರದೆಯ ಮೇಲೆ ಕಾಣುತ್ತಿರುವುದನ್ನು ನೇರವಾಗಿ ಉಳಿಸುತ್ತದೆ. ಇದರ ರೆಸಲ್ಯೂಷನ್ ಸಾಮಾನ್ಯವಾಗಿ 96 ಡಿಪಿಐಯಿಂದ ಆರಂಭವಾಗುತ್ತದೆ, ಅದನ್ನೂ ವ್ಯಾಪ್ತಿಯನ್ನೂ ಪ್ರಮಾಣವನ್ನೂ ಅಲ್ಲಿಯೇ ಬದಲಿಸಬಹುದು. ಇನ್ನೊಂದು, ಪ್ರಿಂಟ್ ಲೇಔಟ್. ಅದರಲ್ಲಿ ಹಾಳೆಯ ಅಳತೆಯನ್ನು ಮೊದಲು ನಿಗದಿ ಮಾಡಿ, ನಕ್ಷೆ, ಸೂಚಿ, ಅಳತೆಪಟ್ಟಿ, ಶೀರ್ಷಿಕೆಗಳನ್ನು ಜೋಡಿಸಿ, ಆಮೇಲೆ ಎಕ್ಸ್‌ಪೋರ್ಟ್ ಮಾಡುತ್ತೇವೆ; ಇಲ್ಲಿ ಆರಂಭದ ರೆಸಲ್ಯೂಷನ್ 300 ಡಿಪಿಐ.

ಸಹೋದ್ಯೋಗಿಗೆ ಒಂದು ಗಡಿರೇಖೆ ತೋರಿಸಲು, ಕರಡು ಟಿಪ್ಪಣಿಗೆ ಅಂಟಿಸಲು ಮೊದಲನೆಯ ದಾರಿ ಸಾಕು. ಓದುಗರ ಕೈಗೆ ಹೋಗುವ ಯಾವುದೇ ನಕ್ಷೆಗೆ ಅದು ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ. ಪರದೆಯಿಂದ ತೆಗೆದ ಚಿತ್ರಕ್ಕೆ ಕಾಗದದ ಅಳತೆ ಎಂಬುದೇ ಇಲ್ಲ. ಆದ್ದರಿಂದ ‘1:5,00,000’ ಎಂದು ಅದರ ಮೇಲೆ ಬರೆದರೂ ಆ ಅಂಕಿಗೆ ಅರ್ಥವಿರುವುದಿಲ್ಲ. ಇದಲ್ಲದೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಂತಹ ಮೂಲಗಳನ್ನು ಬಳಸಿದಾಗ ಕೊಡಲೇಬೇಕಾದ ಕೃಪೆಯ ಸಾಲು ಪರದೆಯ ಚಿತ್ರದಿಂದ ಸುಲಭವಾಗಿ ಬಿಟ್ಟುಹೋಗುತ್ತದೆ, ಲೇಔಟ್‌ನಲ್ಲಿ ಅದನ್ನು ಒಮ್ಮೆ ಇರಿಸಿದರೆ ಪ್ರತಿ ಎಕ್ಸ್‌ಪೋರ್ಟ್‌ನಲ್ಲೂ ಬರುತ್ತದೆ.

ಡಿಪಿಐ ಏರಿಸಿದರೆ ನಿಜವಾಗಿ ಏನು ಸಿಗುತ್ತದೆ

ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಈ ಒಂದು ಅಂಕಿಯ ಬಗ್ಗೆ. ಡಿಪಿಐ ಎಂದರೆ ಕಾಗದದ ಒಂದು ಅಂಗುಲದಲ್ಲಿ ಎಷ್ಟು ಚುಕ್ಕೆಗಳು ಎಂಬ ಲೆಕ್ಕ, ಅಷ್ಟೇ. 300 ಡಿಪಿಐಯಲ್ಲಿ ಎ4 ಹಾಳೆ 2480×3508 ಪಿಕ್ಸೆಲ್‌ಗಳ ಚಿತ್ರವಾಗುತ್ತದೆ, 150ರಲ್ಲಿ ಅದರ ಅರ್ಧ ಅಗಲ ಮತ್ತು ಅರ್ಧ ಎತ್ತರ. 300 ಡಿಪಿಐಯ ಒಂದು ಪಿಕ್ಸೆಲ್ ಕಾಗದದ ಮೇಲೆ 0.0847 ಮಿಲಿಮೀಟರ್, 1:5,00,000 ಪ್ರಮಾಣದಲ್ಲಿ ಅದು ನೆಲದ ಮೇಲೆ ಸುಮಾರು 42 ಮೀಟರ್. ಅಂದರೆ ನಮ್ಮ ಎ4 ನಕ್ಷೆಯ ಹಿನ್ನೆಲೆಯಲ್ಲಿ 10 ಮೀಟರ್ ಸ್ಪಷ್ಟತೆಯ ಸೆಂಟಿನೆಲ್-2 ಉಪಗ್ರಹ ಚಿತ್ರವಿದ್ದರೆ, ಎಕ್ಸ್‌ಪೋರ್ಟ್ ಆದ ಒಂದೊಂದು ಪಿಕ್ಸೆಲ್‌ನೊಳಗೂ ಮೂಲದ ಸುಮಾರು 18 ಪಿಕ್ಸೆಲ್‌ಗಳು ಅಡಗಿಹೋಗುತ್ತವೆ. ಇಲ್ಲಿ ಕೊರತೆ ದತ್ತಾಂಶದ್ದಲ್ಲ, ಹಾಳೆಯದು. ಆ ಲೇಯರ್‌ನ, ಎಂದರೆ ನಕ್ಷೆಯ ಆ ಪದರದ, ಗುಣಲಕ್ಷಣಗಳಲ್ಲಿ ರೀಸ್ಯಾಂಪ್ಲಿಂಗ್ (ಮೂಲದ ಪಿಕ್ಸೆಲ್‌ಗಳನ್ನು ಹೊಸ ಅಳತೆಗೆ ಹೊಂದಿಸುವ ವಿಧಾನ) ಅನ್ನು ‘ನಿಯರೆಸ್ಟ್ ನೇಬರ್’ನಲ್ಲೇ ಬಿಟ್ಟರೆ ಹದಿನೆಂಟರಲ್ಲಿ ಯಾವುದೋ ಒಂದು ಪಿಕ್ಸೆಲ್‌ನ ಬಣ್ಣ ಉಳಿದು ಚಿತ್ರ ಮರಳು ಚೆಲ್ಲಿದಂತೆ ಕಾಣುತ್ತದೆ, ಸರಾಸರಿ ತೆಗೆಯುವ ಆಯ್ಕೆಗೆ ಬದಲಿಸಿದರೆ ನಯವಾಗುತ್ತದೆ. ಈ ಸಮಸ್ಯೆಗೆ ಡಿಪಿಐ ಏರಿಸುವುದು ಪರಿಹಾರವಲ್ಲ.

ಇದೇ ನಕ್ಷೆಯನ್ನು ಗೋಡೆಗೆಂದು ಎ0 ಹಾಳೆಗೆ ಒಯ್ಯೋಣ. 841×1189 ಮಿಲಿಮೀಟರ್‌ನ ಆ ಹಾಳೆಯಲ್ಲಿ 1:1,25,000 ಪ್ರಮಾಣದಲ್ಲಿ ಅರ್ಕಾವತಿ 96 ಸೆಂಟಿಮೀಟರ್ ಉದ್ದಕ್ಕೆ ಚಾಚಿಕೊಳ್ಳುತ್ತದೆ. ಈಗ 300 ಡಿಪಿಐಯ ಒಂದು ಪಿಕ್ಸೆಲ್ ನೆಲದಲ್ಲಿ 10.6 ಮೀಟರ್, ಸೆಂಟಿನೆಲ್‌ನ 10 ಮೀಟರ್‌ಗೆ ಬಹುತೇಕ ಸರಿಹೊಂದುತ್ತದೆ, ಆದ್ದರಿಂದ 300 ಇಲ್ಲಿ ನ್ಯಾಯವಾದ ಆಯ್ಕೆ. ಆದರೆ ಹಿನ್ನೆಲೆಯಲ್ಲಿರುವುದು ಲಿಸ್-3 ಸಂವೇದಕದ 23.5 ಮೀಟರ್‌ನ ಚಿತ್ರವಾಗಿದ್ದರೆ, ಅದರ ಒಂದು ಪಿಕ್ಸೆಲ್ ಕಾಗದದಲ್ಲಿ 0.188 ಮಿಲಿಮೀಟರ್ ಆಗುತ್ತದೆ, ಎಂದರೆ 135 ಡಿಪಿಐ. ಸುಮಾರು 30 ಮೀಟರ್‌ನ ಎತ್ತರದ ದತ್ತಾಂಶದಿಂದ ಬೆಟ್ಟಗುಡ್ಡಗಳ ನೆರಳು ಮೂಡಿಸಿದ್ದರೆ 106 ಡಿಪಿಐ. ಅದಕ್ಕಿಂತ ಹೆಚ್ಚು ಕೇಳಿದರೆ ಅದೇ ಚೌಕವನ್ನು ತಂತ್ರಾಂಶ ಮತ್ತೆ ಮತ್ತೆ ಬರೆಯುತ್ತದೆ, ಹೊಸ ಕೆರೆಯೊಂದೂ ಕಾಣಿಸುವುದಿಲ್ಲ. ಬೆಲೆಯಂತೂ ದೊಡ್ಡದು: ಎ0 ಹಾಳೆ 300 ಡಿಪಿಐಯಲ್ಲಿ 9933×14043 ಪಿಕ್ಸೆಲ್, ಸುಮಾರು 14 ಕೋಟಿ, ಪಿಕ್ಸೆಲ್‌ಗೆ ನಾಲ್ಕು ಬೈಟ್‌ನಂತೆ ಸುಮಾರು 560 ಎಂಬಿ ಮೆಮೊರಿ ಚಿತ್ರಕ್ಕೇ ಬೇಕು. 150ಕ್ಕೆ ಇಳಿಸಿದರೆ ಅದು ನಾಲ್ಕನೇ ಒಂದಾಗುತ್ತದೆ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಕ್ಯೂಜಿಐಎಸ್ ಮೆಮೊರಿ ಸಾಲದೆಂದು ಎಚ್ಚರಿಸಿ ನಿಲ್ಲುವುದು ಇಂತಹ ಕಡೆ. ಗೋಡೆಯ ನಕ್ಷೆಯನ್ನು ಜನ ಎರಡು ಮೂರು ಅಡಿ ದೂರದಿಂದ ನೋಡುತ್ತಾರೆ. ಅಲ್ಲಿ ಬಿಟ್‌ಮ್ಯಾಪ್, ಎಂದರೆ ಪಿಕ್ಸೆಲ್‌ಗಳಿಂದಾದ ಚಿತ್ರವೇ ಬೇಕೆಂದರೆ 150ರಿಂದ 200 ಡಿಪಿಐ ನಡುವೆ ಇರಿಸಿಕೊಳ್ಳಿ.

ಡಿಪಿಐ ಏರಿಸಿ ಕೆಡುವ ನಕ್ಷೆಗಳೂ ಇವೆ. ಅಂತರ್ಜಾಲದಿಂದ ಚೌಕ ಚೌಕವಾಗಿ ಇಳಿದುಬರುವ ಟೈಲ್ ಹಿನ್ನೆಲೆಗಳಲ್ಲಿ ಊರಿನ ಹೆಸರುಗಳು ಚಿತ್ರದೊಳಗೇ ಅಚ್ಚಾಗಿರುತ್ತವೆ. 11 ಪಿಕ್ಸೆಲ್ ಎತ್ತರದ ಹೆಸರು 96 ಡಿಪಿಐಯಲ್ಲಿ ಸುಮಾರು 2.9 ಮಿಲಿಮೀಟರ್, ಓದಬಹುದು. 300ರಲ್ಲಿ ಅದೇ ಹೆಸರು 0.9 ಮಿಲಿಮೀಟರ್, ಭೂತಗನ್ನಡಿ ಬೇಕು. ಪರದೆಯಲ್ಲಿ ಚೆನ್ನಾಗಿದ್ದ ನಕ್ಷೆ ಅಚ್ಚಿನಲ್ಲಿ ಇರುವೆಸಾಲಿನಂತಾಯಿತು ಎಂಬ ದೂರಿಗೆ ಕಾರಣ ಬಹುಪಾಲು ಇದೇ. ಹೆಸರುಗಳಿಲ್ಲದ ಹಿನ್ನೆಲೆಯನ್ನು ಆರಿಸಿ, ಊರುಗಳ ಹೆಸರುಗಳನ್ನು ನಿಮ್ಮದೇ ಲೇಯರ್‌ನಿಂದ ಕನ್ನಡದಲ್ಲಿ ಮೂಡಿಸುವುದು ಎಲ್ಲಕ್ಕಿಂತ ಒಳ್ಳೆಯದು. ಗೆರೆಗಳ ದಪ್ಪವನ್ನು ಪಿಕ್ಸೆಲ್‌ನಲ್ಲಿ ನಮೂದಿಸಿದ್ದರೂ ಇದೇ ಗತಿ: ಡಿಪಿಐ ಏರಿದಷ್ಟೂ ಹೊಳೆಯ ಗೆರೆ ಸಣಕಲಾಗುತ್ತದೆ. ಎಲ್ಲ ಅಳತೆಗಳನ್ನೂ ಮಿಲಿಮೀಟರ್ ಅಥವಾ ಪಾಯಿಂಟ್‌ನಲ್ಲಿ ಕೊಟ್ಟರೆ ಈ ತೊಂದರೆ ಹುಟ್ಟುವುದೇ ಇಲ್ಲ.

ಮೊಬೈಲ್‌ನ ವಿಷಯ ಬೇರೆಯೇ. 21 ಸೆಂಟಿಮೀಟರ್ ಅಗಲದ ಎ4 ನಕ್ಷೆ ಏಳು ಸೆಂಟಿಮೀಟರ್ ಅಗಲದ ಪರದೆಯಲ್ಲಿ ಮೂರನೇ ಒಂದಕ್ಕೆ ಕುಗ್ಗುತ್ತದೆ. ನೀವು ಇಟ್ಟಿದ್ದ 7 ಪಾಯಿಂಟ್ ಅಕ್ಷರ ಎರಡೂಕಾಲು ಪಾಯಿಂಟ್ ಆಗುತ್ತದೆ. ಇದನ್ನು ಯಾವ ಡಿಪಿಐಯೂ ಸರಿಪಡಿಸಲಾರದು. ಲೇಔಟ್‌ನ ನಕಲೊಂದನ್ನು ಮಾಡಿಕೊಂಡು, ಹಾಳೆಯನ್ನು ಮೊಬೈಲ್ ಪರದೆಯ ಆಕಾರಕ್ಕೆ ಕಿರಿದಾಗಿಸಿ, ಹೆಸರುಗಳನ್ನು ಕಡಿಮೆ ಮಾಡಿ, ಉಳಿದವುಗಳನ್ನು ದೊಡ್ಡದಾಗಿಸಬೇಕು. ಅರ್ಧ ಗಂಟೆಯ ಕೆಲಸ, ಆದರೆ ನಕ್ಷೆಯನ್ನು ಜನ ನಿಜವಾಗಿ ಓದುವುದು ಇವತ್ತು ಹೆಚ್ಚಾಗಿ ಮೊಬೈಲ್‌ನಲ್ಲೇ.

ಪಿಎನ್‌ಜಿ, ಜೆಪೆಗ್, ಟಿಫ್

ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು, ಕಣ್ಣಿಗೆ ಅಷ್ಟಾಗಿ ಗೊತ್ತಾಗದ ಸೂಕ್ಷ್ಮ ಏರಿಳಿತಗಳನ್ನು ಕೈಬಿಟ್ಟು ಫೈಲ್‌ನ ಗಾತ್ರ ಇಳಿಸುತ್ತದೆ. ಕಾಡು, ಗದ್ದೆ, ಬಂಡೆಗಳು ಬೆರೆತ ಉಪಗ್ರಹ ಚಿತ್ರದಲ್ಲಿ ಈ ನಷ್ಟ ಕಾಣುವುದಿಲ್ಲ. ಆದರೆ ಬಿಳಿಯ ಮೇಲೆ ಕಪ್ಪು ಅಕ್ಷರ, ತಿಳಿನೀಲಿಯ ಪಕ್ಕದಲ್ಲಿ ತೆಳುವಾದ ಗಡಿಗೆರೆ ಇರುವಲ್ಲಿ ಅಂಚಿನ ಸುತ್ತ ಬೂದು ಬಣ್ಣದ ಕಲೆ ಕಟ್ಟಿಕೊಳ್ಳುತ್ತದೆ. ಕನ್ನಡಕ್ಕೆ ಇದು ವಿಶೇಷವಾಗಿ ತೊಡಕು. ‘ದ’ಕ್ಕೂ ‘ಧ’ಕ್ಕೂ, ‘ಡ’ಕ್ಕೂ ‘ಢ’ಕ್ಕೂ ಇರುವ ಅಂತರ ಅಕ್ಷರದ ಅಡಿಯಲ್ಲಿರುವ ಒಂದು ಸಣ್ಣ ಸೀಳು ಮಾತ್ರ. 7 ಪಾಯಿಂಟ್ ಅಕ್ಷರಕ್ಕೆ 96 ಡಿಪಿಐಯಲ್ಲಿ ಸಿಗುವ ಎತ್ತರ ಒಂಬತ್ತು ಪಿಕ್ಸೆಲ್. ಆ ಒಂಬತ್ತರಲ್ಲಿ ತಲೆಕಟ್ಟು, ಅಕ್ಷರದ ಒಡಲು, ಕೆಳಗಿನ ಒತ್ತು ಎಲ್ಲವೂ ಕೂರಬೇಕು. ಅದರ ಮೇಲೆ ಜೆಪೆಗ್‌ನ ಕಲೆಯೂ ಸೇರಿದರೆ ಸೀಳು ಮುಚ್ಚಿಹೋಗುತ್ತದೆ. 300ರಲ್ಲಿ ಅದೇ ಅಕ್ಷರಕ್ಕೆ 29 ಪಿಕ್ಸೆಲ್ ಸಿಗುವುದರಿಂದ ಉಸಿರಾಡಲು ಜಾಗವಿರುತ್ತದೆ.

ಪಿಎನ್‌ಜಿ ಏನನ್ನೂ ಕಳೆಯುವುದಿಲ್ಲ, ಪಾರದರ್ಶಕ ಹಿನ್ನೆಲೆಯನ್ನೂ ಉಳಿಸುತ್ತದೆ. ಲೇಔಟ್ ಪುಟದ ಹಿನ್ನೆಲೆ ಬಣ್ಣವನ್ನು ಪಾರದರ್ಶಕಗೊಳಿಸಿ ಎಕ್ಸ್‌ಪೋರ್ಟ್ ಮಾಡಿದರೆ ಸ್ಲೈಡ್‌ನ ಬಣ್ಣದ ಮೇಲೆ ನಕ್ಷೆ ನೇರವಾಗಿ ಕೂರುತ್ತದೆ. ಒಂದೇ ಬಣ್ಣದ ವಿಶಾಲ ಹರವುಗಳಿರುವ ನಕ್ಷೆ, ಉದಾಹರಣೆಗೆ ಉಪ ಜಲಾನಯನಗಳಿಗೆ ಒಂದೊಂದು ಬಣ್ಣ ತುಂಬಿದ ನಮ್ಮ ಅರ್ಕಾವತಿ ನಕ್ಷೆ, ಪಿಎನ್‌ಜಿಯಲ್ಲಿ ಜೆಪೆಗ್‌ಗಿಂತ ಚಿಕ್ಕ ಫೈಲ್ ಆಗುವುದೂ ಉಂಟು. ಹಿನ್ನೆಲೆಯಲ್ಲಿ ಉಪಗ್ರಹ ಚಿತ್ರವಿದ್ದರೆ ಮಾತ್ರ ಅದು ಬಹಳ ದೊಡ್ಡದಾಗುತ್ತದೆ. ಆದ್ದರಿಂದ ಬಣ್ಣ ತುಂಬಿದ ನಕ್ಷೆಗೆ ಪಿಎನ್‌ಜಿ, ಅಕ್ಷರ ಕಡಿಮೆಯಿರುವ ಉಪಗ್ರಹ ಚಿತ್ರಕ್ಕೆ ಜೆಪೆಗ್ ಎಂದು ನಾನು ವಿಂಗಡಿಸಿಕೊಂಡಿದ್ದೇನೆ. ಎರಡೂ ಬೆರೆತಿದ್ದರೆ ಪಿಎನ್‌ಜಿಯ ಕಡೆಗೇ ವಾಲುತ್ತೇನೆ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಎಂದು ಕಳುಹಿಸಿದರೆ ಪಿಎನ್‌ಜಿಯೂ ಮತ್ತೆ ಕುಗ್ಗಿಸಲ್ಪಡುತ್ತದೆ. ಡಾಕ್ಯುಮೆಂಟ್ ಎಂದು ಲಗತ್ತಿಸಿದರೆ ಇದ್ದಂತೆಯೇ ತಲುಪುತ್ತದೆ.

ಟಿಫ್ ಬೇಕಾಗುವುದು ಎರಡೇ ಸಂದರ್ಭಗಳಲ್ಲಿ: ಮುದ್ರಣಾಲಯದವರು ಅದನ್ನೇ ಕೇಳಿದಾಗ, ಇಲ್ಲವೇ ಚಿತ್ರದೊಳಗೇ ಭೌಗೋಳಿಕ ಸ್ಥಾನದ ಮಾಹಿತಿ ಇರಬೇಕಾದಾಗ.

ಪಿಡಿಎಫ್, ಎಸ್‌ವಿಜಿ ಮತ್ತು ಕನ್ನಡದ ಒತ್ತಕ್ಷರಗಳು

ಇವೆರಡರಲ್ಲಿ ಗೆರೆಗಳು ಗೆರೆಗಳಾಗಿಯೇ ಉಳಿಯುತ್ತವೆ, ಎಷ್ಟು ಹಿಗ್ಗಿಸಿದರೂ ಅಂಚು ಒಡೆಯುವುದಿಲ್ಲ. ಎ0 ಗೋಡೆ ನಕ್ಷೆಗೆ 560 ಎಂಬಿ ಮೆಮೊರಿ ಸುರಿಯುವ ಬದಲು ಪಿಡಿಎಫ್ ತೆಗೆದರೆ ಮುಗಿಯಿತು. ಡಿಪಿಐ ಅಲ್ಲಿ ಉಪಗ್ರಹ ಚಿತ್ರದಂತಹ ಲೇಯರ್‌ಗಳಿಗೆ ಮಾತ್ರ ಅನ್ವಯವಾಗುತ್ತದೆ. ಆದರೆ ಒಂದು ಎಚ್ಚರಿಕೆ ಬೇಕು. ಯಾವುದಾದರೂ ಲೇಯರ್‌ಗೆ ಪಾರದರ್ಶಕತೆಯನ್ನೋ ಬ್ಲೆಂಡಿಂಗ್ ಮೋಡನ್ನೋ (ಕೆಳಗಿನ ಲೇಯರ್‌ನೊಂದಿಗೆ ಬಣ್ಣ ಬೆರೆಸುವ ಆಯ್ಕೆ) ಕೊಟ್ಟಿದ್ದರೆ ಪಿಡಿಎಫ್‌ನೊಳಗೂ ಅದು ಬಿಟ್‌ಮ್ಯಾಪ್ ಆಗಿಯೇ ಹೋಗುತ್ತದೆ. ‘ಆಲ್ವೇಸ್ ಎಕ್ಸ್‌ಪೋರ್ಟ್ ಆಸ್ ವೆಕ್ಟರ್ಸ್’ ಎಂಬ ಗುರುತು ಹಾಕಿ ಅದನ್ನು ತಡೆಯಬಹುದು, ಆಗ ಲೇಔಟ್‌ನಲ್ಲಿ ಕಂಡದ್ದಕ್ಕೂ ಫೈಲ್‌ನಲ್ಲಿ ಬಂದದ್ದಕ್ಕೂ ವ್ಯತ್ಯಾಸ ಬರಬಹುದು. ಪಾರದರ್ಶಕತೆಯ ಬದಲು ತಿಳಿಯಾದ ಬಣ್ಣವನ್ನೇ ಆರಿಸುವುದು ಲೇಸು.

ಎಲ್ಲಕ್ಕಿಂತ ಮುಖ್ಯವಾದ ಆಯ್ಕೆ ಅಕ್ಷರಗಳದ್ದು. ಪಿಡಿಎಫ್ ಮತ್ತು ಎಸ್‌ವಿಜಿ ಎರಡರಲ್ಲೂ ಅಕ್ಷರಗಳನ್ನು ರೇಖಾಕೃತಿಗಳಾಗಿ, ಎಂದರೆ ‘ಪಾತ್‌’ಗಳಾಗಿ ಉಳಿಸಬಹುದು, ಅಥವಾ ಅಕ್ಷರಗಳಾಗಿಯೇ ಬಿಡಬಹುದು. ಇಂಗ್ಲಿಷ್ ನಕ್ಷೆ ಮಾಡುವವರಿಗೆ ಇದು ಅನುಕೂಲದ ಪ್ರಶ್ನೆ. ಕನ್ನಡ ನಕ್ಷೆ ಮಾಡುವವರಿಗೆ ಇದು ಸರಿ ತಪ್ಪಿನ ಪ್ರಶ್ನೆ. ‘ಅರ್ಕಾವತಿ’ ಎಂಬ ಹೆಸರನ್ನೇ ತೆಗೆದುಕೊಳ್ಳಿ, ಅದರಲ್ಲಿಯೇ ಒಂದು ಅರ್ಕಾವೊತ್ತು ಇದೆ. ಕಂಪ್ಯೂಟರಿನ ಒಳಗೆ ರಕಾರ, ಹಲಂತ ಚಿಹ್ನೆ, ಕಕಾರ, ದೀರ್ಘ ಎಂಬ ಕ್ರಮದಲ್ಲಿ ಸಂಗ್ರಹವಾಗಿರುವ ಈ ಅಕ್ಷರಗುಚ್ಛವನ್ನು ತೆರೆದು ತೋರಿಸುವ ತಂತ್ರಾಂಶ ಸರಿಯಾಗಿ ಜೋಡಿಸಿದರೆ ಮಾತ್ರ ಒತ್ತು ‘ಕಾ’ದ ಪಕ್ಕಕ್ಕೆ ಬರುತ್ತದೆ, ಇಲ್ಲವಾದರೆ ‘ಅರ್‌ಕಾವತಿ’ ಎಂದು ಬಿಡಿಬಿಡಿಯಾಗಿ ಕಾಣುತ್ತದೆ. ದೊಡ್ಡಬಳ್ಳಾಪುರ, ತಿಪ್ಪಗೊಂಡನಹಳ್ಳಿ, ಹೆಸರಘಟ್ಟ: ಈ ನದಿಯ ದಾರಿಯಲ್ಲಿರುವ ಹಲವು ಊರುಗಳ ಹೆಸರುಗಳಲ್ಲಿ ಒತ್ತಕ್ಷರಗಳಿವೆ.

ಒಮ್ಮೆ ನಾನು ಇಂತಹ ನಕ್ಷೆಯನ್ನು ಅಕ್ಷರಗಳಾಗಿಯೇ ಉಳಿಸಿದ ಎಸ್‌ವಿಜಿಯಲ್ಲಿ ಮುದ್ರಣಕ್ಕೆ ಕೊಟ್ಟಿದ್ದೆ. ವಿನ್ಯಾಸಕರ ಕಂಪ್ಯೂಟರಿನಲ್ಲಿ ನಾನು ಬಳಸಿದ ಫಾಂಟ್ ಇರಲಿಲ್ಲ, ತಂತ್ರಾಂಶದಲ್ಲಿ ಭಾರತೀಯ ಲಿಪಿಗಳ ಜೋಡಣೆಯೂ ಚಾಲನೆಯಲ್ಲಿರಲಿಲ್ಲ. ಕರಡಚ್ಚಿನಲ್ಲಿ ‘ದೊಡ್‌ಡಬಳ್‌ಳಾಪುರ’ ಎಂದು ಬಂತು. ಅದನ್ನು ಕಂಡಾಗ ಆದ ಸಂಕಟ ಇನ್ನೂ ನೆನಪಿದೆ, ಏಕೆಂದರೆ ತಪ್ಪು ಹೆಸರಿನ ನಕ್ಷೆಯನ್ನು ಆ ಊರಿನವರ ಮುಂದೆ ಹಿಡಿಯಲು ಆಗುವುದಿಲ್ಲ. ನಮ್ಮ ಹಲವು ಮುದ್ರಣಾಲಯಗಳಲ್ಲಿ ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ಗಳ ಬಳಕೆ ಈಗಲೂ ಇರುವುದರಿಂದ ಈ ಅಪಾಯ ಸಣ್ಣದಲ್ಲ. ಅಕ್ಷರಗಳನ್ನು ಪಾತ್ ಆಗಿ ಉಳಿಸಿದರೆ ಕ್ಯೂಜಿಐಎಸ್ ನಿಮ್ಮ ಕಂಪ್ಯೂಟರಿನಲ್ಲಿ ಸರಿಯಾಗಿ ಜೋಡಿಸಿದ ಆಕಾರವೇ ಹೊರಗೆ ಹೋಗುತ್ತದೆ, ಎಲ್ಲಿ ತೆರೆದರೂ ಬದಲಾಗುವುದಿಲ್ಲ. ಫೈಲ್ ಸ್ವಲ್ಪ ದೊಡ್ಡದಾಗುತ್ತದೆ, ಪಿಡಿಎಫ್‌ನಲ್ಲಿ ಊರಿನ ಹೆಸರನ್ನು ಹುಡುಕಲು ಬರುವುದಿಲ್ಲ. ಕನ್ನಡದಲ್ಲಿ ಈ ಎರಡನೆಯ ನಷ್ಟ ದೊಡ್ಡದಲ್ಲ. ಅಕ್ಷರಗಳಾಗಿ ಉಳಿಸಿದ ಪಿಡಿಎಫ್‌ನಿಂದ ನಕಲು ಮಾಡಿದ ಕನ್ನಡ ಪಠ್ಯ ಅನೇಕ ಬಾರಿ ಕಲಸಿಹೋಗಿ ಬರುವುದನ್ನು ಎಲ್ಲರೂ ಕಂಡಿದ್ದೇವೆ.

ಹಾಗಾದರೆ ಎಸ್‌ವಿಜಿ ಯಾವಾಗ? ವಿನ್ಯಾಸಕರು ಇಂಕ್‌ಸ್ಕೇಪ್‌ನಂತಹ ತಂತ್ರಾಂಶದಲ್ಲಿ ನಕ್ಷೆಯ ಬಣ್ಣಗಳನ್ನೋ ಗೆರೆಗಳನ್ನೋ ಮತ್ತೆ ತಿದ್ದುವವರಿದ್ದರೆ ಮಾತ್ರ. ಆಗ ಲೇಯರ್‌ಗಳನ್ನು ಗುಂಪುಗಳಾಗಿ ಉಳಿಸುವ ಆಯ್ಕೆಯನ್ನು ಗುರುತಿಸಿದರೆ ಹೊಳೆ, ರಸ್ತೆ, ಗಡಿಗಳು ಬೇರೆಬೇರೆಯಾಗಿ ಸಿಗುತ್ತವೆ. ಗೆರೆಗಳನ್ನು ಸರಳಗೊಳಿಸುವ ಆಯ್ಕೆಯನ್ನು ಆ ಸಂದರ್ಭದಲ್ಲಿ ತೆಗೆದುಬಿಡಿ, ಏಕೆಂದರೆ ಅದು ಈಗಿನ ಡಿಪಿಐಯಲ್ಲಿ ಕಾಣದ ತಿರುವುಗಳನ್ನು ಕಿತ್ತುಹಾಕುತ್ತದೆ. ಮುಂದೆ ವಿನ್ಯಾಸಕರು ನಕ್ಷೆಯನ್ನು ಹಿಗ್ಗಿಸಿದರೆ ಅರ್ಕಾವತಿಯ ಬಾಗು ಬಳುಕುಗಳು ಮೊಂಡಾಗಿ ಕಾಣುತ್ತವೆ. ಉಳಿದ ಎಲ್ಲ ಮುದ್ರಣಕ್ಕೂ ಪಿಡಿಎಫ್ ಸಾಕು.

ಸ್ಥಾನವನ್ನೂ ಜೊತೆಗೆ ಕಳುಹಿಸಬೇಕಾದಾಗ

ಚಿತ್ರ ಇನ್ನೊಬ್ಬರ ಕ್ಯೂಜಿಐಎಸ್‌ನಲ್ಲಿ ತನ್ನ ನಿಜವಾದ ಜಾಗದಲ್ಲಿ ಕೂರಬೇಕಾದರೆ ‘ಜನರೇಟ್ ವರ್ಲ್ಡ್ ಫೈಲ್’ ಎಂಬುದನ್ನು ಗುರುತಿಸಬೇಕು. ಪಿಎನ್‌ಜಿಯ ಪಕ್ಕದಲ್ಲಿ ಅದೇ ಹೆಸರಿನ ಪುಟ್ಟ ಪಠ್ಯ ಫೈಲ್ ಹುಟ್ಟುತ್ತದೆ, ಅದರಲ್ಲಿರುವುದು ಆರೇ ಸಾಲು. ನಮ್ಮ ಎ4 ನಕ್ಷೆ ಯುಟಿಎಂ 43 ಉತ್ತರ ವಲಯದಲ್ಲಿ (ಮೀಟರ್‌ಗಳಲ್ಲಿ ಅಳೆಯುವ ಒಂದು ನಿರ್ದೇಶಾಂಕ ವ್ಯವಸ್ಥೆ) 300 ಡಿಪಿಐಯಲ್ಲಿದ್ದರೆ ಮೊದಲ ಸಾಲು 42.33, ಎಂದರೆ ಒಂದು ಪಿಕ್ಸೆಲ್‌ನ ಅಗಲ ಮೀಟರ್‌ಗಳಲ್ಲಿ. ಎರಡು ಮತ್ತು ಮೂರನೆಯವು ಸೊನ್ನೆ, ನಕ್ಷೆಯನ್ನು ಓರೆಯಾಗಿ ತಿರುಗಿಸಿದ್ದರೆ ಮಾತ್ರ ಅವು ಬದಲಾಗುತ್ತವೆ. ನಾಲ್ಕನೆಯದು ಋಣ 42.33, ಏಕೆಂದರೆ ಚಿತ್ರದಲ್ಲಿ ಸಾಲುಗಳು ಮೇಲಿನಿಂದ ಕೆಳಗೆ, ಉತ್ತರದಿಂದ ದಕ್ಷಿಣಕ್ಕೆ ಸಾಗುತ್ತವೆ. ಕೊನೆಯ ಎರಡು, ಎಡ ಮೇಲ್ತುದಿಯ ಪಿಕ್ಸೆಲ್‌ನ ನಡುಬಿಂದುವಿನ ನಿರ್ದೇಶಾಂಕಗಳು. ಯಾವ ನಿರ್ದೇಶಾಂಕ ವ್ಯವಸ್ಥೆ ಎಂಬುದು ಈ ಆರು ಸಾಲುಗಳಲ್ಲಿ ಎಲ್ಲಿಯೂ ಇಲ್ಲ. ಆದ್ದರಿಂದ ನಾನು ಫೈಲ್‌ನ ಹೆಸರಿನಲ್ಲೇ 32643 ಎಂಬ ಇಪಿಎಸ್‌ಜಿ ಸಂಖ್ಯೆಯನ್ನು, ಎಂದರೆ ಆ ವ್ಯವಸ್ಥೆಯನ್ನು ಗುರುತಿಸುವ ಸಂಖ್ಯೆಯನ್ನು, ಸೇರಿಸುತ್ತೇನೆ. ಚಿತ್ರದ ಜೊತೆ ಆ ಪುಟ್ಟ ಫೈಲನ್ನೂ ಕಳುಹಿಸಲು ಮರೆಯುವುದು ಸಾಮಾನ್ಯ, ಎರಡನ್ನೂ ಒಂದು ಜಿಪ್‌ನಲ್ಲಿ ಹಾಕಿ. ಈ ಉದ್ದೇಶಕ್ಕೆ ನಕ್ಷೆಯೊಂದೇ ಇರುವ ಪ್ರತ್ಯೇಕ ಲೇಔಟ್ ಮಾಡಿಕೊಳ್ಳಬೇಕು. ಇಲ್ಲವಾದರೆ ಸಂಕೇತ ಸೂಚಿಯೂ ಶೀರ್ಷಿಕೆಯೂ ನೆಲದ ಮೇಲೆ ಹರಡಿಕೊಂಡು ಪಕ್ಕದ ತಾಲ್ಲೂಕನ್ನು ಮುಚ್ಚುತ್ತವೆ.

ನಿಮ್ಮ ಬಣ್ಣಗಳನ್ನು ಇನ್ನೊಬ್ಬರು ದತ್ತಾಂಶವೆಂದು ಬಳಸುವ ಸಾಧ್ಯತೆಯಿದ್ದರೆ ಆ್ಯಂಟಿಅಲಿಯಾಸಿಂಗ್ ಗುರುತನ್ನು ತೆಗೆಯಬೇಕು. ಅಂಚುಗಳನ್ನು ನಯಗೊಳಿಸಲು ಅದು ಎರಡು ಬಣ್ಣಗಳ ನಡುವಿನ ಮಿಶ್ರಬಣ್ಣಗಳನ್ನು ಹುಟ್ಟಿಸುತ್ತದೆ. ಕೆರೆಯ ನೀಲಿಗೂ ತೋಟದ ಹಸಿರಿಗೂ ನಡುವೆ ಸೂಚಿಯಲ್ಲೇ ಇಲ್ಲದ ಮೂರನೆಯ ಬಣ್ಣ ಸಿಗುತ್ತದೆ. ನಿಜ ಹೇಳುವುದಾದರೆ ಅಂತಹವರಿಗೆ ಚಿತ್ರವನ್ನು ಕೊಡುವುದೇ ಸರಿಯಲ್ಲ, ಲೇಯರ್‌ನ ಮೇಲೆ ಬಲ ಕ್ಲಿಕ್ ಮಾಡಿ ಮೂಲ ದತ್ತಾಂಶವನ್ನೇ ಉಳಿಸಿ ಕೊಡಬೇಕು. ಕಣ್ಣಿನಿಂದ ನೋಡುವ ಎಲ್ಲ ನಕ್ಷೆಗಳಿಗೂ ಆ ಗುರುತು ಇರಲಿ.

ಹೊರಗೆ ಓಡಾಡುತ್ತಾ ಮೊಬೈಲ್‌ನಲ್ಲಿ ನಕ್ಷೆ ನೋಡುವವರಿಗೆ ಸ್ಥಾನದ ಮಾಹಿತಿಯನ್ನೂ ಲೇಯರ್‌ಗಳನ್ನೂ ಒಳಗೊಂಡ ಜಿಯೋಪಿಡಿಎಫ್ ಕೊಡುವುದು ಉತ್ತಮ, ಕ್ಯೂಜಿಐಎಸ್ 3.10 ಆವೃತ್ತಿಯಿಂದ ಪಿಡಿಎಫ್ ಕಿಟಕಿಯಲ್ಲಿಯೇ ಈ ಆಯ್ಕೆಯಿದೆ. ಅವೆನ್ಜಾ ಮ್ಯಾಪ್ಸ್‌ನಂತಹ ಆ್ಯಪ್‌ನಲ್ಲಿ ತೆರೆದರೆ ನೆಟ್‌ವರ್ಕ್ ಸಿಗದ ಕಣಿವೆಯಲ್ಲೂ ಜಿಪಿಎಸ್ ಚುಕ್ಕೆ ನಿಮ್ಮ ನಕ್ಷೆಯ ಮೇಲೆಯೇ ನಡೆಯುತ್ತದೆ. ಸಂಗಮದ ಹತ್ತಿರದ ಕಾಡಿನಲ್ಲಿ ಹಳ್ಳವೊಂದು ಹೊಳೆಗೆ ಕೂಡುವ ಜಾಗವನ್ನು ಗುರುತಿಸಲು ಹೊರಟವರಿಗೆ 600 ಡಿಪಿಐಯ ಅತಿ ಸುಂದರ ಪಿಎನ್‌ಜಿಗಿಂತ ಈ ಫೈಲ್ ಉಪಯೋಗಕ್ಕೆ ಬರುತ್ತದೆ. ಲೇಯರ್‌ಗಳನ್ನು ಬೇಕಾದಾಗ ಮರೆಮಾಡುವ ಸೌಲಭ್ಯ ಬೇಡವೆಂದರೆ, ಸಾಮಾನ್ಯ ಪಿಡಿಎಫ್‌ಗೆ ಸ್ಥಾನದ ಮಾಹಿತಿಯನ್ನು ಸೇರಿಸುವ ಗುರುತೊಂದೇ ಸಾಕು.

ಹೋಬಳಿಗೊಂದರಂತೆ ಹತ್ತಾರು ಪುಟಗಳನ್ನು ಅಟ್ಲಾಸ್ ಮೂಲಕ ಒಮ್ಮೆಗೇ ತೆಗೆಯುವವರು ಮೊದಲು ಒಂದೇ ಪುಟವನ್ನು ಎಕ್ಸ್‌ಪೋರ್ಟ್ ಮಾಡಿ, ಅದನ್ನು ಬೇರೊಂದು ಕಂಪ್ಯೂಟರಿನಲ್ಲಿಯೂ ಒಂದು ಮೊಬೈಲ್‌ನಲ್ಲಿಯೂ ತೆರೆದು, ನೂರು ಶೇಕಡಾ ಗಾತ್ರದಲ್ಲಿ ‘ಅರ್ಕಾವತಿ’ಯ ಅರ್ಕಾವೊತ್ತು ಸರಿಯಾದ ಜಾಗದಲ್ಲಿದೆಯೇ, ಅಳತೆಪಟ್ಟಿಯ ಹತ್ತು ಕಿಲೋಮೀಟರ್ ಕಾಗದದ ಮೇಲೆ ನಿಜವಾಗಿ ಎರಡು ಸೆಂಟಿಮೀಟರ್ ಬರುತ್ತದೆಯೇ ಎಂದು ಸ್ಕೇಲ್ ಇಟ್ಟು ನೋಡಿ, ಆಮೇಲೆ ಉಳಿದ ಪುಟಗಳಿಗೆ ಕೈಹಾಕಬೇಕು. ಪ್ರಿಂಟರ್ ಕಿಟಕಿಯಲ್ಲಿ ‘ಫಿಟ್ ಟು ಪೇಜ್’ ಉಳಿದುಕೊಂಡಿದ್ದರೆ ಆ ಎರಡು ಸೆಂಟಿಮೀಟರ್ ಕುಗ್ಗಿರುತ್ತದೆ. ಆಗ ಅಳತೆಪಟ್ಟಿ ನಕ್ಷೆಯೊಂದಿಗೇ ಕುಗ್ಗುವುದರಿಂದ ಅದು ಸರಿಯಾಗಿಯೇ ಉಳಿಯುತ್ತದೆ, ಪಕ್ಕದಲ್ಲಿ ಅಂಕಿಯಲ್ಲಿ ಬರೆದ 1:5,00,000 ಮಾತ್ರ ಸುಳ್ಳಾಗುತ್ತದೆ.